ಇಪ್ಪತ್ತಾರು ಹೆಜ್ಜೆ

ಜೂನ್ 12

ಅಪ್ಪನಿಗೆ,

ಫೋನಿನಲ್ಲಿ ಕಿರುಚಿ ಕಿರುಚಿ ನನ್ನ ಗಂಟಲು ಕಟ್ಟಿತೇ ಹೊರತು ನಿಮಗೇನೂ ಕೇಳಿಸಲಿಲ್ಲ. ಮೂವತ್ತೊಂದು ವರ್ಷ ಬಸ್ಸಿನ ಎಂಜಿನ್ ಪಕ್ಕದಲ್ಲಿ ಕೂತ ಕಿವಿಗೆ ನನ್ನ ಧ್ವನಿ ಯಾವ ಲೆಕ್ಕ! ಅದಕ್ಕೇ ಈ ಪತ್ರ. ಅವಸರ ಮಾಡದೆ ಓದಿ.

ನಮ್ಮ ಶಾಲೆಗೆ ಗೋಡೆಯೂ ಇಲ್ಲ, ಗಂಟೆಯೂ ಇಲ್ಲ ಎಂದು ನೀವು ಯಾವಾಗಲೂ ಗೇಲಿ ಮಾಡುತ್ತೀರಲ್ಲ, ಈಗ ಆ ಶಾಲೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ. ನನ್ನ ಎಂಟನೆಯ ತರಗತಿಯಲ್ಲಿ ಮೂವತ್ನಾಲ್ಕು ಮಕ್ಕಳು, ಮೂವತ್ನಾಲ್ಕು ಮನೆಗಳಲ್ಲಿ ಕೂತು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಪಾಠ ಕೇಳುತ್ತಾರೆ. ನಾನು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ವಿಜ್ಞಾನ ಹೇಳುತ್ತೇನೆ. ಹೋದ ವರ್ಷ ಒಂದೇ ವಾರದಲ್ಲಿ ನಾನೊಂದು ಪ್ರಾಜೆಕ್ಟ್, ಗಣಿತದ ಮೇಷ್ಟ್ರು ಒಂದು, ಭಾಷೆಯ ಟೀಚರ್ ಒಂದು, ಸಮಾಜದ ಟೀಚರ್ ಒಂದು ಕೊಟ್ಟು ಮಕ್ಕಳ ತಲೆ ತಿಂದೆವು. ಒಬ್ಬ ತಾಯಿ ಹೆಡ್‌ಮಿಸ್‌ಗೆ ಫೋನ್ ಮಾಡಿ, “ಮಗೂನ ಸ್ಕೂಲಿಗೆ ಸೇರಿಸಿದ್ದೀವೋ, ನಾವೇ ಸೇರ್ಕೊಂಡಿದ್ದೀವೋ ಗೊತ್ತಾಗ್ತಿಲ್ಲ” ಎಂದರಂತೆ. ಈ ಸಲ ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿಬಿಟ್ಟರು: ನಾಲ್ಕು ವಿಷಯಕ್ಕೂ ಸೇರಿ ಒಂದೇ ಪ್ರಾಜೆಕ್ಟ್. ಮುಂದೆ ನಿಂತು ಮಾಡಿಸುವವಳು ನಾನು.

ಮೊದಲು ಕಾಮನಬಿಲ್ಲು ತೆಗೆದುಕೊಂಡೆವು. ವಿಜ್ಞಾನಕ್ಕೆ ಬೆಳಕು, ಭಾಷೆಗೆ ಒಂದು ಪದ್ಯ, ಸಮಾಜಕ್ಕೆ ಏನೂ ಸಿಗದೆ ಬಾವುಟಗಳ ಬಣ್ಣ. ಗಣಿತದ ಮೇಷ್ಟ್ರು ಕೇಳಿದರು, “ಏಳು ಬಣ್ಣ ಅಂತ ಎಣಿಸಿದ್ರೆ ಗಣಿತ ಆಯ್ತಾ ಮೇಡಂ? ಅದನ್ನ ಅಂಗನವಾಡಿ ಮಗು ಎಣಿಸುತ್ತೆ.” ಸಿಟ್ಟು ಬಂದರೂ ಅವರು ಹೇಳಿದ್ದು ಸರಿಯೇ. ನಾಲ್ಕು ಮನೆಯ ಅಡುಗೆಯನ್ನು ಒಂದೇ ತಟ್ಟೆಗೆ ಸುರಿದ ಹಾಗಿತ್ತು.

ಆಮೇಲೆ ನಿಮ್ಮ ಬಸ್ಸು ನೆನಪಾಯಿತು. ಹದಿನಾಲ್ಕನೇ ನಂಬರು. ದೂರ, ಸಮಯ, ವೇಗ ಗಣಿತಕ್ಕೆ. ಬ್ರೇಕು, ಟೈರು ನನಗೆ. ರಸ್ತೆ ಹೇಗಿತ್ತು ಹೇಗಾಯಿತು ಅನ್ನುವುದು ಸಮಾಜಕ್ಕೆ. ಮಕ್ಕಳು ನಿಮಗೆ ಪತ್ರ ಬರೆದು ಕೇಳಿದರೆ ಭಾಷೆಗೆ. ಒಂದನ್ನು ಬಿಟ್ಟರೆ ಇನ್ನೊಂದು ನಡೆಯುವುದಿಲ್ಲ. ಮೇಷ್ಟ್ರು ಕೂಡ “ಇದು ಆಗ್ಬಹುದು” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಒಪ್ಪುತ್ತೀರಾ? ಅಮ್ಮನಿಗೆ ಕೇಳಿದೆನೆಂದು ಹೇಳಿ.

ಇತಿ,
ಮಗಳು


ಜೂನ್ 20

ಹಾರ್ನಿಗೆ,

ನಲವತ್ತೊಂದು ವರ್ಷದ ಟೀಚರಮ್ಮನನ್ನು ಹಾಗೆ ಕರೆಯಬಾರದು ಎಂದು ನಿನ್ನ ಅಮ್ಮ ಬೈಯುತ್ತಾಳೆ. ಹುಟ್ಟಿದ ದಿನ ಇಡೀ ಆಸ್ಪತ್ರೆ ಎದ್ದು ಕೂರುವ ಹಾಗೆ ಕೂಗಿದವಳು ನೀನು. ಇಟ್ಟ ಹೆಸರು ಇಟ್ಟದ್ದೇ.

ಒಪ್ಪಿದ್ದೇನೆ. ನಿವೃತ್ತನಾಗಿ ಹನ್ನೊಂದು ವರ್ಷ ಆಯಿತು, ಬ್ರೇಕಿನ ಬಗ್ಗೆ ಕೇಳುವವರು ಒಬ್ಬರೂ ಇರಲಿಲ್ಲ. ಬರೆದುಕೋ.

ಹದಿನಾಲ್ಕನೇ ನಂಬರು ಮಾರುಕಟ್ಟೆಯಿಂದ ಹತ್ತಿ ಗಿರಣಿಯ ಗೇಟಿನವರೆಗೆ. ಹನ್ನೊಂದು ಕಿಲೋಮೀಟರ್, ಇಪ್ಪತ್ತೆರಡು ಸ್ಟಾಪು, ನಲವತ್ತಾರು ನಿಮಿಷ. ಗಿರಣಿಯ ಗೇಟಿನಲ್ಲಿ ಟೈಮ್‌ಕೀಪರ್ ಕಿಟಕಿ. ಐದು ನಿಮಿಷಕ್ಕಿಂತ ತಡವಾದರೆ ಪುಸ್ತಕದಲ್ಲಿ ಕೆಂಪು ಗೆರೆ. ಒಂದು ತಿಂಗಳಲ್ಲಿ ಮೂರು ಕೆಂಪು ಗೆರೆ ಬಿದ್ದರೆ ರೂಟು ಕೈಬಿಟ್ಟು ಹೋಯಿತು, ಆಮೇಲೆ ಆರು ತಿಂಗಳು ಯಾರು ರಜೆ ಹಾಕುತ್ತಾರೋ ಅವರ ಬಸ್ಸು ಓಡಿಸಿಕೊಂಡಿರಬೇಕು.

ತರಬೇತಿ ಶಾಲೆಯ ಗೋಡೆಯ ಮೇಲೆ ಒಂದು ಪಟ್ಟಿ ಬರೆದಿದ್ದರು. ಒಣ ರಸ್ತೆಯಲ್ಲಿ ಬ್ರೇಕು ಪೂರ್ತಿ ಒತ್ತಿದ ಮೇಲೆ ಟೈರು ಎಷ್ಟು ದೂರ ಉಜ್ಜಿಕೊಂಡು ಹೋಗಿ ನಿಲ್ಲುತ್ತದೆ ಎನ್ನುವ ಪಟ್ಟಿ. ದಿನಾ ಬೆಳಿಗ್ಗೆ ಮಗ್ಗಿಯ ಹಾಗೆ ಹೇಳಿಸುತ್ತಿದ್ದರು, ಇವತ್ತಿಗೂ ಮರೆತಿಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ಮೂರು ಮೀಟರ್. ಮೂವತ್ತಕ್ಕೆ ಏಳು. ನಲವತ್ತಕ್ಕೆ ಹನ್ನೆರಡು. ಐವತ್ತಕ್ಕೆ ಹತ್ತೊಂಬತ್ತು. ಅರವತ್ತಕ್ಕೆ ಇಪ್ಪತ್ತೆಂಟು.

ಗಣಿತದ ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು. ಅವರು ಸರಿಯಾದ ಮನುಷ್ಯ ಅನಿಸುತ್ತದೆ.

ಅಪ್ಪ


ಜುಲೈ 8

ಅಪ್ಪನಿಗೆ,

ನಿಮ್ಮ ಪಟ್ಟಿ ನಮ್ಮ ತರಗತಿಯಲ್ಲಿ ಎಬ್ಬಿಸಿದ ಗಲಾಟೆ ನೀವು ನೋಡಬೇಕಿತ್ತು. ಗಣಿತದ ಮೇಷ್ಟ್ರು ಐದು ಚುಕ್ಕಿ ಇಡಿಸಿ ಗ್ರಾಫ್ ಎಳೆಸಿದರು. ಮಕ್ಕಳು ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆಯಲು ಹೋದರು, ಗೆರೆ ಸೇರಲೇ ಇಲ್ಲ. “ಅಜ್ಜ ತಪ್ಪು ಬರೆದಿದ್ದಾರೆ” ಎಂದು ಒಬ್ಬ ತೀರ್ಮಾನ ಮಾಡಿಬಿಟ್ಟ. ಆಮೇಲೆ ನಾನು ಬಂದು, ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ, ಅದಕ್ಕೇ ಗೆರೆ ಬಾಗುತ್ತದೆ ಎಂದು ಹೇಳಿಕೊಟ್ಟೆ. ಅವರ ಪಾಠದ ಹೊತ್ತಿನಲ್ಲಿ ನಾನು, ನನ್ನ ಪಾಠದ ಹೊತ್ತಿನಲ್ಲಿ ಅವರು. ಆರು ವರ್ಷದಿಂದ ಒಂದೇ ಶಾಲೆಯಲ್ಲಿದ್ದರೂ ನಾವಿಬ್ಬರೂ ಒಂದೇ ಪರದೆಯ ಮೇಲೆ ಬಂದದ್ದು ಇದೇ ಮೊದಲು.

ಮಕ್ಕಳ ಪ್ರಶ್ನೆಗಳನ್ನು ಬರೆದು ಕಳಿಸುತ್ತಿದ್ದೇನೆ. ನೀವು ಬರೆದ ಉತ್ತರದ ಫೋಟೋ ತೆಗೆದು ಹಾಗೆಯೇ ಪರದೆಯ ಮೇಲೆ ತೋರಿಸುತ್ತೇನೆ, ಆದ್ದರಿಂದ ಅಕ್ಷರ ಸ್ವಲ್ಪ ದುಂಡಗಿರಲಿ.

ಬಸ್ಸಿನಲ್ಲಿ ನಿದ್ದೆ ಬಂದರೆ ಏನು ಮಾಡುತ್ತಿದ್ದಿರಿ? ನಿಮಗೆ ಇಷ್ಟವಾದ ಸ್ಟಾಪು ಯಾವುದು? ಬ್ರೇಕ್ ಒತ್ತಿಯೂ ಬಸ್ಸು ನಿಲ್ಲದೆ ಹೋದದ್ದಿದೆಯೇ?

ಕೊನೆಯದು ಒಬ್ಬ ಹುಡುಗಿಯ ಪ್ರಶ್ನೆ. ಅವಳು ಯಾವತ್ತೂ ಕ್ಯಾಮೆರಾ ಹಾಕುವುದಿಲ್ಲ. ಪರದೆಯ ಮೇಲೆ ಎಲ್ಲರ ಮುಖ ಇದ್ದರೆ ಅವಳದೊಂದು ಕಪ್ಪು ಚೌಕ. ಮಕ್ಕಳು ಅವಳನ್ನು ಕರೆಯುವುದೂ ಹಾಗೆಯೇ. ಮಾತು ಕಮ್ಮಿ, ಟೈಪ್ ಮಾಡುತ್ತಾಳೆ. ಆ ಬೀಗ ರಿಪೇರಿಯವರ ಅಪಘಾತದ ವಿಷಯ ಬೇಕಾದರೆ ಬರೆಯಿರಿ, ಬೇಡವಾದರೆ ಬಿಡಿ. ಅದರಲ್ಲಿ ನಿಮ್ಮ ತಪ್ಪೇನೂ ಇರಲಿಲ್ಲವಲ್ಲ.

ಇತಿ,
ಮಗಳು


ಜುಲೈ 17

ಎಂಟನೆಯ ತರಗತಿಯ ಮಕ್ಕಳಿಗೆ,

ನಿಮ್ಮ ಮಿಸ್ ದುಂಡಗೆ ಬರೆಯಲು ಹೇಳಿದ್ದಾಳೆ. ಚಿಕ್ಕವಳಿದ್ದಾಗ ಅವಳ ಅಕ್ಷರ ಹೇಗಿತ್ತು ಎಂದು ಕೇಳಿ ನೋಡಿ, ಬಾಯಿ ಬಿಡುವುದಿಲ್ಲ.

ನಿದ್ದೆ ಬಂದರೆ ಕಂಡಕ್ಟರನ ಹತ್ತಿರ ಜಗಳ ತೆಗೆಯುತ್ತಿದ್ದೆ. ಇಷ್ಟವಾದ ಸ್ಟಾಪು ಹದಿನೇಳನೆಯದು, ಅಲ್ಲಿ ಮರದ ನೆರಳಿತ್ತು.

ಕೊನೆಯ ಪ್ರಶ್ನೆಗೆ ಉತ್ತರ: ಒಂದು ಸಲ ಹಾಗಾಯಿತು. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಮಧ್ಯಾಹ್ನ, ಒಂಬತ್ತನೆಯ ಸ್ಟಾಪಿನ ಹತ್ತಿರ. ಬೀಗ ರಿಪೇರಿ ಮಾಡುವವನೊಬ್ಬ ಸೈಕಲಿನಲ್ಲಿ ರಸ್ತೆ ದಾಟಿದ. ಬಸ್ಸು ಮೂವತ್ತರ ವೇಗದಲ್ಲಿತ್ತು. ಬ್ರೇಕು ಪೂರ್ತಿ ಒತ್ತಿದೆ. ಟೈರಿನ ಕಪ್ಪು ಗುರುತು ಔಷಧಿ ಅಂಗಡಿಯ ಮೆಟ್ಟಿಲಿನಿಂದ ಅಂಚೆ ಡಬ್ಬಿಯವರೆಗೆ ಬಿದ್ದಿತ್ತು. ಮಾರನೆ ದಿನ ಬೆಳಿಗ್ಗೆ ನಾನೇ ಹೋಗಿ ಹೆಜ್ಜೆ ಹಾಕಿ ಅಳೆದೆ. ಇಪ್ಪತ್ತಾರು ಹೆಜ್ಜೆ. ಆ ಗುರುತಿನ ತುದಿಯಲ್ಲಿ ಸೈಕಲ್ಲು ತಗುಲಿತು. ಅವನ ಪೆಟ್ಟಿಗೆ ಒಡೆದು ಬೀಗದ ಕೈಗಳೆಲ್ಲ ರಸ್ತೆಯ ತುಂಬ ಚೆಲ್ಲಿದವು. ನಾನೂ ಕಂಡಕ್ಟರೂ ಕೂತು ಆರಿಸಿದೆವು. ಆಮೇಲೆ ವಿಚಾರಣೆ ನಡೆದು, ಅವನು ನೋಡದೆ ಅಡ್ಡ ಬಂದ ಎಂದು ತೀರ್ಮಾನವಾಯಿತು.

ಅವನು ಬದುಕಿದ್ದಾನೆ. ಬಲ ಮೊಣಕಾಲು ಮಡಚಲು ಬರುವುದಿಲ್ಲ. ಸೈಕಲ್ ಬಿಟ್ಟ. ರಸ್ತೆ ದಾಟುವಾಗ ಯಾರದಾದರೂ ಮೊಣಕೈ ಹಿಡಿದುಕೊಳ್ಳುತ್ತಾನೆ. ಅದೇ ಸ್ಟಾಪಿನ ಎದುರು ಅಂಗಡಿ ಇಟ್ಟುಕೊಂಡ. ನನ್ನ ಬಸ್ಸು ಹೋದಾಗಲೆಲ್ಲ ಕೈ ಎತ್ತುತ್ತಿದ್ದ. ಒಳ್ಳೆಯವನು.

ನೀವು ರಸ್ತೆಯಲ್ಲಿ ಜೋಪಾನ.

ಡ್ರೈವರ್ ಅಜ್ಜ


ಆಗಸ್ಟ್ 2

ಅಪ್ಪನಿಗೆ,

ಮಕ್ಕಳು ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡರು. ಈಗ ಕಪ್ಪು ಚೌಕದಿಂದ ಒಂದು ಪ್ರಶ್ನೆ: “ಅಜ್ಜನ ಒಂದು ಹೆಜ್ಜೆ ಎಷ್ಟು ಮೀಟರ್?” ಮೇಷ್ಟ್ರಿಗೆ ಖುಷಿಯೋ ಖುಷಿ. ಹೆಜ್ಜೆ ಅಂದರೆ ಅಳತೆಯಲ್ಲ, ಅದನ್ನು ಮೀಟರಿಗೆ ತಿರುಗಿಸಬೇಕು ಎಂದು ಯಾರೂ ಹೇಳಿಕೊಡದೆ ಅವಳಿಗೆ ಹೊಳೆದಿದೆ. ಅಳೆದು ಕಳಿಸಿ.

ಇತಿ,
ಮಗಳು


ಆಗಸ್ಟ್ 9

ಹಾರ್ನಿಗೆ,

ನಿನ್ನ ಅಮ್ಮ ಹೊಲಿಗೆ ಬಿಟ್ಟು ಟೇಪು ಹಿಡಿದು ನಡುಮನೆಯಲ್ಲಿ ಮಂಡಿಯೂರಿದಳು. ನಾನು ಹತ್ತು ಹೆಜ್ಜೆ ನಡೆದೆ, ಏಳೂವರೆ ಮೀಟರ್ ಆಯಿತು. ಹೆಜ್ಜೆಗೆ ಮುಕ್ಕಾಲು ಮೀಟರ್. “ಮೂವತ್ತು ವರ್ಷದಿಂದ ನಿಮ್ಮ ಪ್ಯಾಂಟು ಹೊಲೀತಿದ್ದೀನಿ, ಕಾಲು ಇಷ್ಟು ಗಿಡ್ಡ ಅಂತ ಇವತ್ತೇ ಗೊತ್ತಾಗಿದ್ದು” ಎಂದಳು.

ಅಪ್ಪ


ಆಗಸ್ಟ್ 26

ಅಪ್ಪನಿಗೆ,

ಇಲ್ಲಿ ಎಲ್ಲ ಸರಿಯಾಗಿದೆ. ಪ್ರಾಜೆಕ್ಟ್ ಮುಗಿಯುತ್ತ ಬಂತು. ನೀವು ಬರೆದ ಇಪ್ಪತ್ತಾರು ಕೈತಪ್ಪಿನಿಂದ ಆಗಿರಬೇಕು ಎಂದುಕೊಂಡು ಮಕ್ಕಳಿಗೆ ಹತ್ತು ಹೆಜ್ಜೆ ಎಂದು ತಿದ್ದಿಸಿದ್ದೇನೆ. ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.

ಅಮ್ಮನ ಕಣ್ಣಿನ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಇತಿ,
ಮಗಳು


ಸೆಪ್ಟೆಂಬರ್ 1

ಡ್ರೈವರ್ ಅಜ್ಜನಿಗೆ ನಮಸ್ಕಾರಗಳು.

ಭಾಷೆಯ ಮಿಸ್ ನಮಗೆಲ್ಲ ನಿಮ್ಮ ವಿಳಾಸ ಕೊಟ್ಟು, ಕಾಗದದ ಮೇಲೆ ಧನ್ಯವಾದದ ಪತ್ರ ಬರೆದು ಅಂಚೆಗೆ ಹಾಕಲು ಹೇಳಿದ್ದಾರೆ. ಅದಕ್ಕೆ ಹತ್ತು ಮಾರ್ಕು. ನನ್ನನ್ನು ಕಪ್ಪು ಚೌಕ ಎಂದು ಕರೆಯುತ್ತಾರೆ. ನಮ್ಮ ಮನೆಗೆ ಒಂದೇ ಕೋಣೆ, ಹಿಂದೆ ಎಲ್ಲರೂ ಓಡಾಡುತ್ತಿರುತ್ತಾರೆ, ಅದಕ್ಕೇ ನಾನು ಕ್ಯಾಮೆರಾ ಹಾಕುವುದಿಲ್ಲ.

ಬ್ರೇಕಿನ ಪಟ್ಟಿ ಕಳಿಸಿದ್ದಕ್ಕೆ ಧನ್ಯವಾದಗಳು. ಹೆಜ್ಜೆ ಅಳೆದು ಕಳಿಸಿದ್ದಕ್ಕೆ ಧನ್ಯವಾದಗಳು.

ಇಪ್ಪತ್ತಾರನ್ನು ಮುಕ್ಕಾಲರಿಂದ ಗುಣಿಸಿದೆ. ಹತ್ತೊಂಬತ್ತೂವರೆ ಮೀಟರ್ ಬಂತು. ನಮ್ಮ ಗ್ರಾಫಿನಲ್ಲಿ ಅದು ಐವತ್ತರ ವೇಗ. ಮೂವತ್ತರ ವೇಗಕ್ಕೆ ಏಳು ಮೀಟರ್ ಮಾತ್ರ ಇದೆ. ಆಗ ಬಸ್ಸು ಸೈಕಲಿಗೆ ತಗುಲುವುದಕ್ಕೆ ಹನ್ನೆರಡು ಮೀಟರ್ ಮುಂಚೆಯೇ ನಿಲ್ಲುತ್ತಿತ್ತು. ವಿಜ್ಞಾನದ ಮಿಸ್ ಇಪ್ಪತ್ತಾರು ಅಲ್ಲ, ಹತ್ತು ಎಂದು ತಿದ್ದಿಕೊಳ್ಳಲು ಹೇಳಿದರು. ಎಲ್ಲರೂ ತಿದ್ದಿಕೊಂಡರು. ನಾನು ತಿದ್ದಲಿಲ್ಲ. ನೀವೇ ನಡೆದು ಎಣಿಸಿದ್ದೀರಿ, ಎಲ್ಲಿಂದ ಎಲ್ಲಿಯವರೆಗೆ ಎಂದೂ ಬರೆದಿದ್ದೀರಿ. ಅಷ್ಟೆಲ್ಲ ನೆನಪಿಟ್ಟುಕೊಂಡವರು ಹೆಜ್ಜೆ ಎಷ್ಟು ಎಂದು ಮರೆಯುವುದಿಲ್ಲ. ವಿಜ್ಞಾನದಲ್ಲಿ ನನಗೆ ಹತ್ತಕ್ಕೆ ಆರು ಕೊಟ್ಟಿದ್ದಾರೆ.

ಇನ್ನೆರಡು ಸಂದೇಹಗಳು. ಆಗ ನಿಮಗೆ ವಯಸ್ಸು ಕಮ್ಮಿ, ಹೆಜ್ಜೆ ಇನ್ನೂ ಉದ್ದ ಇತ್ತಲ್ಲವೇ? ಹಾಗಿದ್ದರೆ ವೇಗ ಐವತ್ತಕ್ಕಿಂತ ಜಾಸ್ತಿ. ಮತ್ತೆ, ಒಂದು ಘಟನೆಯ ಬಗ್ಗೆ ಎರಡೂ ಕಡೆಯವರನ್ನು ಕೇಳಬೇಕು ಎಂದು ಸಮಾಜದ ಮಿಸ್ ಹೇಳಿದ್ದಾರೆ. ಬೀಗದವರನ್ನು ಯಾರಾದರೂ ಕೇಳಿದರೇ?

ನನ್ನ ಪ್ರಾಜೆಕ್ಟ್ ಹಾಳೆಯ ಇನ್ನೊಂದು ಪ್ರತಿ ಬರೆದು ಜೊತೆಗೆ ಇಟ್ಟಿದ್ದೇನೆ.

ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ,
ಎಂಟನೆಯ ತರಗತಿ


ಸೆಪ್ಟೆಂಬರ್ 20

ಅಪ್ಪನಿಗೆ,

ಆರು ವಾರದಿಂದ ನಿಮ್ಮ ಪತ್ರವಿಲ್ಲ. ಅಮ್ಮ ಫೋನಿನಲ್ಲಿ “ಚೆನ್ನಾಗಿದ್ದಾರೆ, ಊಟ ಸೇರ್ತಿಲ್ಲ” ಎನ್ನುತ್ತಾಳೆ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ?

ಮಕ್ಕಳು ನಿಮಗೆ ನೇರವಾಗಿ ಪತ್ರ ಹಾಕಿದ್ದಾರೆ ಎಂದು ಭಾಷೆಯ ಟೀಚರ್ ನಿನ್ನೆ ಹೇಳಿದರು. ನನಗೆ ಗೊತ್ತೇ ಇರಲಿಲ್ಲ. ನಾಲ್ಕೂ ವಿಷಯ ಸೇರಿಸುತ್ತೇನೆ ಎಂದು ಹೊರಟವಳು ನಾನು, ಯಾರು ಏನು ಮನೆಗೆಲಸ ಕೊಟ್ಟರು ಎಂದು ಕೇಳಬೇಕಿತ್ತು. ಆ ಹುಡುಗಿ ಏನು ಬರೆದಿರುತ್ತಾಳೆ ಎಂದು ಊಹಿಸಬಲ್ಲೆ. ಅವಳ ಹಾಳೆಯನ್ನು ನಾನೇ ತಿದ್ದಿದ್ದೇನೆ.

ಸುತ್ತಿ ಬಳಸಿ ಕೇಳುವುದಿಲ್ಲ. ಮೂವತ್ತೋ ಐವತ್ತೋ?

ಮಗಳು


ಅಕ್ಟೋಬರ್ 3

ಮಗಳಿಗೆ,

ಐವತ್ತು. ಸ್ವಲ್ಪ ಮೇಲೆಯೇ ಇತ್ತು. ಆ ಹುಡುಗಿ ಹೇಳಿದ ಹಾಗೆ ಆಗ ನನ್ನ ಹೆಜ್ಜೆ ಉದ್ದ.

ಆ ತಿಂಗಳು ಆಗಲೇ ಎರಡು ಕೆಂಪು ಗೆರೆ ಬಿದ್ದಿದ್ದವು. ಅವತ್ತು ಆರು ನಿಮಿಷ ತಡವಾಗಿತ್ತು. ರಸ್ತೆ ಖಾಲಿ ಇತ್ತು, ಒತ್ತಿದೆ. ಅಷ್ಟೇ ಕಾರಣ. ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಹೇಳಿಕೊಳ್ಳಲಿಕ್ಕಾದರೂ ಆಗುತ್ತಿತ್ತು.

ವಿಚಾರಣೆಗೆ ಬಂದವರು ಡಿಪೊದಲ್ಲೇ ಕೂತು ಬರೆದುಕೊಂಡರು. ರಸ್ತೆಗೆ ಯಾರೂ ಹೋಗಲಿಲ್ಲ. ಕಂಡಕ್ಟರ್ ಹಿಂದೆ ಟಿಕೆಟ್ ಹರಿಯುತ್ತಿದ್ದ, ಅವನು ಏನನ್ನೂ ನೋಡಿರಲಿಲ್ಲ. ವೇಗ ಎಷ್ಟು ಎಂದು ಕೇಳಿದರು. ಮೂವತ್ತು ಎಂದೆ. ಅವನು ಹೇಗೆ ಬಂದ ಎಂದರು. ನೋಡದೆ ನುಗ್ಗಿದ ಎಂದು ಬರೆಸಿದೆ. ಬೀಗದವನು ಆಸ್ಪತ್ರೆಯಲ್ಲಿದ್ದ. ಅವನನ್ನು ಕೇಳಿದರೇ ಎಂದು ಆ ಹುಡುಗಿ ಕೇಳುತ್ತಾಳೆ. ಕೇಳಿದರು, ಎಲ್ಲ ಬರೆದು ಮುಗಿದ ಮೇಲೆ. ಡ್ರೈವರ್ ಹೀಗೆ ಹೇಳಿದ್ದಾನೆ ಎಂದು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಆ ವಾರವೇ ಮಳೆ ಬಂದು ಗುರುತೂ ಹೋಯಿತು. ಅದು ಹೋಗುವ ಮುಂಚೆ ಯಾಕೆ ಅಳೆದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ.

ಮೂವತ್ತು ಎನ್ನುವುದನ್ನು ಎಷ್ಟು ಸಲ ಹೇಳಿದ್ದೇನೆ ಎಂದರೆ, ಮಕ್ಕಳಿಗೆ ಬರೆಯುವಾಗಲೂ ಕೈ ತಾನಾಗಿ ಬರೆಯಿತು. ಇಪ್ಪತ್ತಾರು ಹೆಜ್ಜೆಯನ್ನು ಯಾರಿಗೂ ಹೇಳಿರಲಿಲ್ಲ, ಅದಕ್ಕೇ ಅದು ಇದ್ದ ಹಾಗೇ ಬಂತು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಅಂಚೆಗೆ ಹಾಕಿ ಬಂದ ಪೆದ್ದ ನಾನು. ಪಟ್ಟಿಯನ್ನೂ ನಾನೇ ಕೊಟ್ಟಿದ್ದೆ.

ನೀನು ಹತ್ತು ಎಂದು ತಿದ್ದಿದ್ದು ಓದಿದಾಗ ಮೊದಲು ನಿರಾಳವಾಯಿತು, ಸುಳ್ಳು ಹೇಳುವುದಿಲ್ಲ. ಒಂದು ವಾರ ಹಾಗೇ ಇದ್ದೆ. ಆಮೇಲೆ ಆ ಮಗುವಿನ ಪತ್ರ ಬಂತು. ಹತ್ತಕ್ಕೆ ಆರು. ಸರಿಯಾದ ಲೆಕ್ಕ ಮಾಡಿದ್ದಕ್ಕೆ ಹತ್ತಕ್ಕೆ ಆರು ಕೊಟ್ಟಿದ್ದೀಯಲ್ಲ. ಅದನ್ನು ಓದಿದ ಮೇಲೆ ಊಟ ಸೇರುತ್ತಿಲ್ಲ.

ಇಪ್ಪತ್ತಾರನ್ನು ವಾಪಸ್ ಬರೆಸು. ಮಕ್ಕಳು ಕೇಳಿದರೆ ಇದ್ದದ್ದನ್ನು ಹೇಳು. ನಾನು ಬೀಗದವನ ಹತ್ತಿರ ಹೋಗುತ್ತೇನೆ. ಹೋಗಬೇಕು ಎಂದು ಎರಡು ಸಲ ಹೊರಟು, ಎರಡು ಸಲವೂ ಹತ್ತನೆಯ ಸ್ಟಾಪಿನಲ್ಲಿ ಇಳಿದು ವಾಪಸ್ ಬಂದಿದ್ದೇನೆ.

ನಿನ್ನ ಅಮ್ಮನಿಗೆ ಮೊನ್ನೆ ಹೇಳಿದೆ. ಮಷಿನ್ ನಿಲ್ಲಿಸದೆ ಕೇಳಿದಳು. ಇವತ್ತು ಬೆಳಿಗ್ಗೆ “ಮಗಳಿಗೆ ಬರೆದ್ರಾ?” ಎಂದಳು.

ಅಪ್ಪ


ಅಕ್ಟೋಬರ್ 12

ಅಪ್ಪನಿಗೆ,

ನನಗೆ ಸಿಟ್ಟು ಬಂದಿದೆ. ನೀವು ಜೋರಾಗಿ ಓಡಿಸಿದ್ದಕ್ಕಲ್ಲ.

ಏಳನೆಯ ತರಗತಿಯಲ್ಲಿ ನಾನು ಮಾರ್ಕ್ಸ್ ಕಾರ್ಡಿನಲ್ಲಿ ಮೂರನ್ನು ಎಂಟು ಮಾಡಿ ಮೂವತ್ತೊಂದನ್ನು ಎಂಬತ್ತೊಂದು ಮಾಡಿಕೊಂಡಿದ್ದೆ, ನೆನಪಿದೆಯೇ? ನನಗೆ ಚೆನ್ನಾಗಿ ನೆನಪಿದೆ. ನೀವು ಹೊಡೆಯಲಿಲ್ಲ, ಬೈಯಲೂ ಇಲ್ಲ. “ನಡಿ” ಎಂದಿರಿ. ಬಿಸಿಲಿನಲ್ಲಿ ಟೀಚರ ಮನೆಯವರೆಗೆ ನಡೆಸಿಕೊಂಡು ಹೋದಿರಿ. ಗೇಟಿನ ಹತ್ತಿರ ನಿಂತು, “ಒಳಗೆ ಹೋಗಿ ನೀನೇ ಹೇಳು. ನಾನು ಬರಲ್ಲ” ಎಂದಿರಿ. ಆ ಗೇಟಿನಿಂದ ಬಾಗಿಲಿನವರೆಗಿನಷ್ಟು ದೂರ ನಾನು ಜೀವನದಲ್ಲಿ ಮತ್ತೆ ನಡೆದಿಲ್ಲ. ಅವತ್ತಿನಿಂದ ನಿಮ್ಮನ್ನು ಕಂಡರೆ ಭಯ, ಭಯಕ್ಕಿಂತ ಹೆಚ್ಚಾಗಿ ಗೌರವ. ಅಪಘಾತವಾಗಿ ಆಗ ವರ್ಷವೂ ತುಂಬಿರಲಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನನ್ನು ಹೇಗೆ ಆ ಗೇಟಿನೊಳಗೆ ಕಳಿಸಿದಿರಿ?

ಹೀಗೆಲ್ಲ ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ನನ್ನದೂ ಹೇಳಬೇಕಲ್ಲ. ಆ ಹುಡುಗಿಯ ಹಾಳೆ ನೋಡಿ ಎರಡೇ ನಿಮಿಷದಲ್ಲಿ ಇಪ್ಪತ್ತಾರನ್ನು ಹತ್ತು ಮಾಡಿದೆ. ಹನ್ನೆರಡು ವರ್ಷದವಳಿದ್ದಾಗ ಮೂರನ್ನು ಎಂಟು ಮಾಡುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗಿತ್ತು.

ಸೋಮವಾರ ಉಳಿದ ಮೂವರು ಟೀಚರುಗಳನ್ನೂ ಒಂದೇ ತರಗತಿಗೆ ಕರೆದು ಮಕ್ಕಳ ಮುಂದೆ ಹೇಳಿದೆ: ಇಪ್ಪತ್ತಾರೇ ಸರಿ, ನಾನು ಬೇಕೆಂದೇ ತಿದ್ದಿಸಿದೆ, ತಪ್ಪು ನನ್ನದು. ಒಬ್ಬ ಹುಡುಗ, “ಹಾಗಾದ್ರೆ ಅಜ್ಜ ಸುಳ್ಳು ಹೇಳಿದ್ರಾ ಮಿಸ್?” ಎಂದ. ಹೌದು ಎಂದೆ. ತರಗತಿ ಮುಗಿದ ಮೇಲೆ ಗಣಿತದ ಮೇಷ್ಟ್ರು ಒಬ್ಬರೇ ಉಳಿದರು. “ನಾನು ಅವತ್ತೇ ಗ್ರಾಫ್ ನೋಡಿದ್ದೆ ಮೇಡಂ. ನಿಮ್ಮ ತಂದೆ ಅಂತ ಸುಮ್ಮನಾದೆ. ಗಣಿತದವನು ಸುಮ್ಮನಾಗಬಾರದಿತ್ತು” ಎಂದರು. ಪ್ರಾಜೆಕ್ಟ್ ಒಂದೇ ಆದದ್ದಕ್ಕೆ ತಪ್ಪಿನಲ್ಲೂ ಪಾಲುದಾರರಾಗಿದ್ದೇವೆ.

ಹುಡುಗಿಗೆ ಹತ್ತಕ್ಕೆ ಹತ್ತು ಕೊಟ್ಟೆ, ಕ್ಷಮೆ ಕೇಳಿದೆ. ಕಪ್ಪು ಚೌಕದ ಕೆಳಗೆ ಒಂದು ಸಾಲು ಬಂತು: “ಥ್ಯಾಂಕ್ಸ್ ಮಿಸ್. ಬೀಗದವರನ್ನ ಕೇಳಿದ್ರಾ?”

ಇಪ್ಪತ್ತೆಂಟನೆಯ ತಾರೀಕು ರಜೆ ಹಾಕಿದ್ದೇನೆ. ನಿಮ್ಮ ಜೊತೆ ಬಸ್ಸಿನಲ್ಲಿ ಬರುತ್ತೇನೆ. ಒಂಬತ್ತನೆಯ ಸ್ಟಾಪಿನಲ್ಲಿ ಇಬ್ಬರೂ ಇಳಿಯೋಣ. ಅವರ ಅಂಗಡಿಯೊಳಗೆ ನಾನು ಬರುವುದಿಲ್ಲ. ಹೊರಗೆ ನಿಂತಿರುತ್ತೇನೆ.

ಮಗಳು


ನವೆಂಬರ್ 5

ಹಾರ್ನಿಗೆ,

ಅವತ್ತು ಮುಕ್ಕಾಲು ಗಂಟೆ ನಿನ್ನನ್ನು ರಸ್ತೆಯಲ್ಲಿ ನಿಲ್ಲಿಸಿದೆ. ವಾಪಸ್ ಬರುವಾಗ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್ಸಿನ ಸದ್ದಿನಲ್ಲಿ ಹೇಗಿದ್ದರೂ ನನಗೆ ಕೇಳಿಸುತ್ತಿರಲಿಲ್ಲ ಎಂದು ನೆಪ ಹೇಳಬಹುದು. ಈಗ ಬರೆಯುತ್ತೇನೆ.

ಅವನ ಅಂಗಡಿಯೂ ಮನೆಯೂ ಒಂದೇ. ಮುಂದೆ ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಬೀಗದ ಕೈಗಳು, ಹಿಂದೆ ಅಡುಗೆಮನೆ. ಹೆಂಡತಿ ಅಲ್ಲೇ ಹೊಸಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು. ನನ್ನನ್ನು ನೋಡಿ ಅವನ ಮುಖ ಅರಳಿತು.

“ಬಾ ಡ್ರೈವರೇ. ಬೀಗ ಕೆಟ್ಟಿತಾ?”

“ಇಲ್ಲ. ಒಂದು ಹಾಳೆ ತೋರಿಸಬೇಕಿತ್ತು.”

ಹಾಳೆ ಬಿಡಿಸಿ ಇಟ್ಟೆ. ಆ ಮಗು ಕಳಿಸಿದ ಪ್ರತಿ. “ಏನಿದು, ಮೊಮ್ಮಕ್ಕಳ ಹೋಮ್‌ವರ್ಕಾ?” ಎಂದು ನಕ್ಕ. ಪಟ್ಟಿ ತೋರಿಸಿದೆ, ಬಾಗಿದ ಗೆರೆ ತೋರಿಸಿದೆ, ಇಪ್ಪತ್ತಾರು ಹೆಜ್ಜೆ ಎಂದೆ. ಅವನು ಬೀಗ ನೋಡುವ ದಪ್ಪ ಕನ್ನಡಕ ಹಾಕಿಕೊಂಡು, ಗೆರೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಹೋದ. ಓದು ಬಾರದಿದ್ದರೂ ಅಂಕಿ ಬರುತ್ತದೆ ಅವನಿಗೆ.

“ಐವತ್ತಾ?”

“ಐವತ್ತು.”

“ಮೂವತ್ತು ಅಂದಿದ್ದೆ ನೀನು.”

“ಸುಳ್ಳು ಹೇಳಿದ್ದೆ.”

ಬೆರಳು ಅಲ್ಲೇ ಇತ್ತು. ಅವನು ನನ್ನ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ತಿರುಗಿದ.

“ಹಾಗಾದ್ರೆ ನಾನು ನೋಡಿದ್ದೆ. ಕೇಳಿಸ್ಕೊಂಡ್ಯಾ? ನಾನು ನೋಡಿದ್ದೆ ಕಣೇ. ಬಸ್ಸು ಔಷಧಿ ಅಂಗಡಿಗಿಂತ ಆ ಕಡೆ ಇತ್ತು. ದಾಟಬಹುದು ಅಂತಾನೇ ದಾಟಿದ್ದು. ಎಲ್ಲರೂ ನೋಡ್ಲಿಲ್ಲ ನೋಡ್ಲಿಲ್ಲ ಅಂದ್ರಿ. ನೋಡಿದ್ದು ನೆನಪಿತ್ತು ನನಗೆ. ಸುಳ್ಳು ನೆನಪು ಇರಬೇಕು ಅಂದ್ಕೊಂಡು ಬಿಟ್ಟೆ.”

ಆ ತಾಯಿ ಹೆಚ್ಚುವುದನ್ನು ನಿಲ್ಲಿಸಿದ್ದರು. ಇಪ್ಪತ್ತೊಂಬತ್ತು ವರ್ಷ ಅವನಿಗೆ “ನೋಡ್ಕೊಂಡು ಹೋಗಿ” ಎಂದು ದಿನಾ ಹೇಳಿದವರು. ಮಕ್ಕಳನ್ನಾಗಲಿ ಮೊಮ್ಮಕ್ಕಳನ್ನಾಗಲಿ ಅವನ ಜೊತೆ ರಸ್ತೆಗೆ ಕಳಿಸಿದವರಲ್ಲ. ಅವನು ದಾಟುವಾಗ ಯಾರದಾದರೂ ಮೊಣಕೈ ಹಿಡಿಯುತ್ತಿದ್ದುದು ಕಾಲಿಗಾಗಿ ಎಂದು ನಾನು ಮಕ್ಕಳಿಗೆ ಬರೆಯುವಾಗಲೂ ಅಂದುಕೊಂಡಿದ್ದೆ. ಅದು ಕಾಲಿಗಲ್ಲ, ಅವನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಕಾಲು ಮುರಿದದ್ದು ನನ್ನ ಬಸ್ಸು, ಇದನ್ನು ಮಾಡಿದ್ದು ನನ್ನ ಬಾಯಿ.

ಆ ತಾಯಿ ಎದ್ದು ಬಂದು, “ಬರೆದುಕೊಡಿ” ಎಂದರು. ಹಾಳೆಯಲ್ಲಿ ಜಾಗವಿರಲಿಲ್ಲ. ಕೆಳಗೆ ನಾಲ್ಕು ಚೌಕ ಇವೆಯಲ್ಲ, ಗಣಿತ, ವಿಜ್ಞಾನ, ಭಾಷೆ, ಸಮಾಜ ಎಂದು ಮಾರ್ಕು ಹಾಕುವುದಕ್ಕೆ? ಅದರ ಪಕ್ಕದಲ್ಲಿ ‘ಪೋಷಕರ ಸಹಿ’ ಎಂದು ಒಂದು ಗೆರೆ ಇತ್ತು. ಅಲ್ಲೇ ಬರೆದೆ. ವೇಗ ಐವತ್ತು, ಇವನು ನೋಡಿಕೊಂಡೇ ದಾಟಿದ, ತಪ್ಪು ನನ್ನದು. ಸಹಿ ಹಾಕಿದೆ.

ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. “ಕಾಲಿಗೆ ನಾನು ಯಾವತ್ತೂ ನಿನ್ನ ಬೈದಿಲ್ಲ. ಇವತ್ತಿಂದ ಬೈತೀನಿ. ಹೋಗು” ಎಂದ. ಬಂದುಬಿಟ್ಟೆ. ಸಮಾಧಾನವಾಯಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಆಮೇಲೆ ನಾವಿಬ್ಬರೂ ಸ್ಟಾಪಿನಲ್ಲಿ ನಿಂತಿದ್ದೆವಲ್ಲ, ಬಸ್ಸು ತಡವಾಗಿತ್ತು. ನೀನು ಫೋನ್ ನೋಡುತ್ತಿದ್ದೆ. ಎದುರುಗಡೆಯಿಂದ ಒಬ್ಬ ಮುದುಕ ಬಲಗಾಲನ್ನು ನೆಟ್ಟಗೆ ಚಾಚಿಕೊಂಡು ರಸ್ತೆಯ ಅಂಚಿಗೆ ಬಂದ. ಪಕ್ಕದಲ್ಲಿದ್ದ ಹೆಂಗಸು ಅಭ್ಯಾಸದ ಮೇಲೆ ಮೊಣಕೈ ಕೊಡಲು ಬಂದಳು, ಅವನು ಬೇಡ ಎಂದ. ಆ ಕಡೆ ನೋಡಿದ, ಈ ಕಡೆ ನೋಡಿದ, ಮತ್ತೆ ಆ ಕಡೆ ನೋಡಿದ. ಒಬ್ಬನೇ ದಾಟಿದ. ನಮ್ಮ ಮುಂದೆಯೇ ಹೋದ, ನನ್ನನ್ನು ಮಾತಾಡಿಸಲಿಲ್ಲ.

ಅವನೇ. ಬೀಗದವನನ್ನು ಕೇಳಿದ್ದಾಯಿತು ಎಂದು ಆ ಹುಡುಗಿಗೆ ಹೇಳು.

ಅಪ್ಪ